ಬಾಲ ಭಾರವೋ, ಮೂಗು ಭಾರವೋ: ಹಾರಿಸುವ ಮುನ್ನ ಆರ್‌ಸಿ ವಿಮಾನದ ದೋಷ ಹುಡುಕುವುದು

ಅಕ್ಕನ ಮಗ ಎರಡು ತಿಂಗಳು ಕೂತು ಬಯೋಫೋಮ್ ಶೀಟಿನಲ್ಲಿ ಒಂದು ಆರ್‌ಸಿ, ಅಂದರೆ ರಿಮೋಟಿನಿಂದ ಹಾರಿಸುವ, ವಿಮಾನ ಮಾಡಿದ. ಭಾನುವಾರ ಬೆಳಿಗ್ಗೆ ಬತ್ತಿದ ಕೆರೆಯ ಅಂಗಳಕ್ಕೆ ಹೋದೆವು. ಎಸೆದ. ವಿಮಾನ ಮೂಗೆತ್ತಿತು, ಒಂದು ಕ್ಷಣ ಗಾಳಿಯಲ್ಲೇ ನಿಂತ ಹಾಗಾಯಿತು, ಎಡ ರೆಕ್ಕೆ ಬಾಗಿಸಿಕೊಂಡು ನೆಲಕ್ಕೆ ಬಿತ್ತು. ಎಲ್ಲ ಸೇರಿ ಐದಾರು ಸೆಕೆಂಡು. "ಗಾಳಿ ಜಾಸ್ತಿ ಇತ್ತು ಮಾಮ" ಅಂದ. ಆದರೆ ಅವತ್ತು ಜಾಲಿ ಗಿಡದ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.

ದೋಷ ಅವನ ಕೈಯಲ್ಲೂ ಇರಲಿಲ್ಲ, ಗಾಳಿಯಲ್ಲೂ ಇರಲಿಲ್ಲ. ಮನೆಯ ಊಟದ ಮೇಜಿನ ಮೇಲೆ, ಒಂದು ಪೈಸೆ ಖರ್ಚಿಲ್ಲದೆ, ಎರಡು ಬೆರಳಲ್ಲಿ ಕಂಡುಹಿಡಿಯಬಹುದಾದ ದೋಷ ಅದು: ಬಾಲ ಭಾರ. ಹೊಸಬರ ವಿಮಾನ ಬಿದ್ದಾಗ ನಾನು ಮತ್ತೆ ಮತ್ತೆ ನೋಡಿರುವುದು ಇದನ್ನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮನಸ್ಸಲ್ಲಿ ಇಟ್ಟುಕೊಂಡಿರುವುದು ಕಲಿಯುವವರು ಸಾಮಾನ್ಯವಾಗಿ ಮಾಡುವ ಅಥವಾ ಕೊಳ್ಳುವ ವಿಮಾನ. ರೆಕ್ಕೆ ಬಾಡಿಯ ಮೇಲಿರುವ ಟ್ರೈನರ್, ಸುಮಾರು ಒಂದು ಮೀಟರ್ ರೆಕ್ಕೆ, ನಾಲ್ಕು ಚಾನೆಲ್ (ರಿಮೋಟಿನಿಂದ ಬೇರೆ ಬೇರೆಯಾಗಿ ನಡೆಸುವ ನಾಲ್ಕು ಕೆಲಸ), 2212 ಅಳತೆಯ ಮೋಟಾರ್, 30 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ಹತೋಟಿ ಮಾಡುವುದು), 9 ಗ್ರಾಂ ಸರ್ವೋಗಳು (ರೆಕ್ಕೆ, ಬಾಲದ ಪಟ್ಟಿಗಳನ್ನು ಬಾಗಿಸುವ ಪುಟ್ಟ ಮೋಟಾರ್‌ಗಳು), ಮೂರು ಸೆಲ್‌ನ 2200 ಎಂಎಎಚ್ ಲೈಪೋ ಬ್ಯಾಟರಿ. ಎಲ್ಲ ಸೇರಿ 900 ಗ್ರಾಂ ಹತ್ತಿರ ಬರುತ್ತದೆ. ನಿಮ್ಮದು ಬಾಲ್ಸಾ ಅನ್ನುವ ಹಗುರ ಮರದ್ದಾಗಿರಲಿ, ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಿನದ್ದಾಗಿರಲಿ, ಪರೀಕ್ಷೆಗಳು ಅವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೂಕದ ಕೇಂದ್ರ, ಅಂದರೆ ನಾವೆಲ್ಲ ಸಿಜಿ ಅನ್ನುವುದು, ಸರಿಯಾಗುವ ತನಕ ಟ್ರಿಮ್, ಅಂದರೆ ರೆಕ್ಕೆ, ಬಾಲದ ಪಟ್ಟಿಗಳನ್ನು ಚೂರು ಚೂರೇ ಸರಿಸುವ ರಿಮೋಟಿನ ಗುಂಡಿ, ಮುಟ್ಟಬೇಡಿ. ಸಿಜಿ ತಪ್ಪಿದ್ದರೆ ಆ ತಪ್ಪು ಟ್ರಿಮ್ ತಪ್ಪಿನ ಹಾಗೆ, ಮೋಟಾರ್ ಕೋನದ ತಪ್ಪಿನ ಹಾಗೆ, ಕೆಲವು ಸಲ ಕೈ ತಪ್ಪಿನ ಹಾಗೂ ಕಾಣಿಸುತ್ತದೆ. ಒಂದನ್ನು ಮುಚ್ಚಲು ಇನ್ನೊಂದನ್ನು ತಿರುಗಿಸುತ್ತಾ ಹೋದರೆ ಕೊನೆಗೆ ಮೂಲ ದೋಷ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಕೈ ಹಾಕುವ ಮುನ್ನ

ಮೇಜಿನ ಮೇಲೆ ಕರೆಂಟ್ ಕೊಟ್ಟು ಮಾಡುವ ಎಲ್ಲ ಪರೀಕ್ಷೆಗೂ ಪ್ರೊಪೆಲ್ಲರ್ ಬಿಚ್ಚಿಡಿ. ಎಂಟು ಇಂಚಿನ ಪ್ಲಾಸ್ಟಿಕ್ ಪ್ರೊಪೆಲ್ಲರ್ ನೋಡಲು ಆಟಿಕೆಯ ಹಾಗಿರುತ್ತದೆ. ಆದರೆ ಈ ಮೋಟಾರ್ ಮೇಲೆ ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಲ್ಲಿ ತಿರುಗುತ್ತದೆ. ಬೆರಳು ಸಿಕ್ಕರೆ ಮೂಳೆ ತನಕ ಹೋಗುತ್ತದೆ. "ಥ್ರಾಟಲ್ ಮುಟ್ಟಲ್ಲ, ಸುಮ್ನೆ ಸರ್ವೋ ನೋಡ್ತೀನಿ" ಅಂದುಕೊಂಡಾಗಲೇ ಅಂಗಿಯ ತೋಳು ತಾಗಿ ರಿಮೋಟಿನ ಥ್ರಾಟಲ್ ಕಡ್ಡಿ ಮೇಲೆ ಹೋಗಿ ಮೋಟಾರ್ ತಿರುಗುವುದು.

ಮೊದಲು ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿರುವ ರಿಮೋಟ್, ಆನ್, ಆಮೇಲೆ ವಿಮಾನದ ಬ್ಯಾಟರಿ. ಮುಗಿಸುವಾಗ ಮೊದಲು ವಿಮಾನದ ಬ್ಯಾಟರಿ ಕಳಚಿ, ಆಮೇಲೆ ಟ್ರಾನ್ಸ್‌ಮಿಟರ್ ಆಫ್. ಈ ಕ್ರಮ ತಪ್ಪಬಾರದು.

ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡಬೇಡಿ, ವಿಮಾನದಲ್ಲಿ ಹಾಕಲೂ ಬೇಡಿ. ಮನೆಯ ಹೊರಗೆ ಮರಳು ತುಂಬಿದ ಮಡಕೆಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಚೆನ್ನಾಗಿರುವ ಬ್ಯಾಟರಿಯನ್ನೂ ಚಾರ್ಜಿಗೆ ಹಾಕಿ ಮಲಗಬೇಡಿ.

ಎಸೆದರೆ ಮೂಗು ಏರುತ್ತದೆ, ಹಾರಾಟ ಕುದುರೆ ಸವಾರಿಯ ಹಾಗಿದೆ

ಎಲಿವೇಟರ್, ಅಂದರೆ ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ, ಅದರ ಕಡ್ಡಿಯನ್ನು ಕೂದಲೆಳೆಯಷ್ಟು ಮುಟ್ಟಿದರೂ ವಿಮಾನ ಎಗರುತ್ತದೆ. ಏರುತ್ತದೆ, ಬೀಳುತ್ತದೆ, ಮತ್ತೆ ಏರುತ್ತದೆ. ವೇಗ ಕಮ್ಮಿಯಾದ ಕೂಡಲೇ ಒಂದು ರೆಕ್ಕೆ ಬಿದ್ದು ಸುತ್ತತೊಡಗುತ್ತದೆ. ಇದು ಬಾಲ ಭಾರದ ಗುರುತು.

ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೂತ್ರ ಅರ್ಧ ಇಂಚು ಆಚೀಚೆ ಆದರೆ ಪಟ ಗೋತಾ ಹೊಡೆಯುತ್ತದೆ ಅಲ್ವಾ? ವಿಮಾನಕ್ಕೆ ಸಿಜಿಯೇ ಸೂತ್ರ. ಅದು ಮುಂದಿದ್ದರೆ ಗಾಳಿಯ ಹೊಡೆತಕ್ಕೆ ಮೂಗು ಎದ್ದರೂ ತಾನಾಗಿ ಇಳಿಯುತ್ತದೆ. ತೀರಾ ಹಿಂದೆ ಹೋದರೆ ಎದ್ದ ಮೂಗು ಇನ್ನೂ ಏಳುತ್ತದೆ. ಅದನ್ನು ಹಿಡಿಯುವಷ್ಟು ಚುರುಕು ಯಾವ ಕೈಗೂ ಇಲ್ಲ.

ನೋಡುವುದು ಹೀಗೆ. ರೆಕ್ಕೆ ಬಾಡಿಗೆ ಸೇರುವ ಕಡೆ, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, ಅದರ ಅಗಲ ಅಳೆಯಿರಿ. ಟ್ರೈನರ್‌ಗೆ ಆ ಅಗಲದ ನೂರಕ್ಕೆ 25ರಿಂದ 30ರ ನಡುವೆ, ಮುಂದಿನ ಅಂಚಿನಿಂದ ಹಿಂದಕ್ಕೆ, ಸಿಜಿ ಬರಬೇಕು. ಅಗಲ 180 ಮಿ.ಮೀ. ಇದ್ದರೆ ಮುಂದಿನ ಅಂಚಿನಿಂದ 45ರಿಂದ 54 ಮಿ.ಮೀ. ಪ್ಲಾನ್ ಅಥವಾ ಕಿಟ್ ಜೊತೆ ಬಂದ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ರೆಕ್ಕೆ ತುದಿಗೆ ಕಿರಿದಾಗುತ್ತಾ ಹೋಗುವ ವಿಮಾನಕ್ಕೆ ಈ ಸರಳ ಲೆಕ್ಕ ಸಾಲದು.

ಮೊದಲ ಸಲಕ್ಕೆ 25ರ ಹತ್ತಿರವೇ ಇಟ್ಟುಕೊಳ್ಳಿ. ರೆಕ್ಕೆಯ ಅಡಿಯಲ್ಲಿ, ಬಾಡಿಯ ಎರಡೂ ಪಕ್ಕ, ಆ ಅಳತೆಗೆ ಅರ್ಧ ಬೆಂಕಿಕಡ್ಡಿ ಅಂಟಿಸಿ. ಮಾರ್ಕರ್ ಗೆರೆಯನ್ನು ಕಣ್ಣು ನೋಡಬೇಕು, ಬೆಂಕಿಕಡ್ಡಿಯನ್ನು ಬೆರಳೇ ಹುಡುಕಿಕೊಳ್ಳುತ್ತದೆ. ಬ್ಯಾಟರಿ ಅದರ ಜಾಗದಲ್ಲಿ ಕೂತಿರಲಿ, ಆದರೆ ಕನೆಕ್ಟರ್ ಕಳಚಿರಲಿ. ಪ್ರೊಪೆಲ್ಲರ್, ಚಕ್ರ, ಮುಚ್ಚಳ ಎಲ್ಲ ಹಾಕಿ. ಎರಡು ತೋರುಬೆರಳ ತುದಿಯ ಮೇಲೆ ಮೆಲ್ಲಗೆ ಎತ್ತಿ. ಮಟ್ಟವಾಗಿ ನಿಂತರೆ ಸರಿ, ಮೂಗು ಚೂರು ಕೆಳಗೆ ವಾಲಿದರೆ ಇನ್ನೂ ಒಳ್ಳೆಯದು. ಬಾಲ ಬಿದ್ದರೆ ಹಾರಿಸಬೇಡಿ. ರೆಕ್ಕೆ ಬಾಡಿಯ ಕೆಳಗಿರುವ ವಿಮಾನವಾದರೆ ಮಗುಚಿ ಹಿಡಿದು ನೋಡಬೇಕು. ಎಣ್ಣೆ ಎಂಜಿನ್ ಆದರೆ ಟ್ಯಾಂಕ್ ಖಾಲಿ ಇರಬೇಕು.

ಹುಡುಗನ ವಿಮಾನ 180ರ ರೆಕ್ಕೆಯಲ್ಲಿ 70 ಮಿ.ಮೀ.ಗೆ ತೂಗಿತು. ಅಂದರೆ ನೂರಕ್ಕೆ 39. ಯಾಕೆ ಅಂತ ಬಾಲ ತಿರುಗಿಸಿ ನೋಡಿದರೆ ಗ್ಲೂ ಗನ್ನಿನ ಅಂಟು ಜೇನುಗೂಡಿನ ಹಾಗೆ ಮೆತ್ತಿಕೊಂಡಿತ್ತು. "ಗಟ್ಟಿ ಇರ್ಲಿ ಅಂತ ಹಾಕ್ದೆ ಮಾಮ" ಅಂದ. ಬಾಲ ಸಿಜಿಯಿಂದ ಅರ್ಧ ಮೀಟರ್ ದೂರದಲ್ಲಿದೆ. ಅಲ್ಲಿ 20 ಗ್ರಾಂ ಅಂಟು ಜಾಸ್ತಿಯಾದರೆ 900 ಗ್ರಾಂ ವಿಮಾನದ ಸಿಜಿ 11 ಮಿ.ಮೀ. ಹಿಂದೆ ಸರಿಯುತ್ತದೆ. ತಕ್ಕಡಿಯ ದಾಂಡು ಉದ್ದ ಇದ್ದ ಕಡೆ ಸಣ್ಣ ಬೊಟ್ಟೂ ದೊಡ್ಡ ತೂಕ.

ಸರಿಪಡಿಸುವಾಗ ಮೊದಲು ಬ್ಯಾಟರಿ ಜರುಗಿಸಿ. ಅದಕ್ಕೆ ಖರ್ಚೂ ಇಲ್ಲ, ತೂಕವೂ ಏರುವುದಿಲ್ಲ. ಈ ಬ್ಯಾಟರಿ 180 ಗ್ರಾಂ ಬರುತ್ತದೆ, ಅಂದರೆ ವಿಮಾನದ ಐದನೇ ಒಂದು ಪಾಲು. ಹಾಗಾಗಿ ಅದನ್ನು ಒಂದು ಸೆಂಟಿಮೀಟರ್ ಮುಂದೆ ತಂದರೆ ಸಿಜಿ 2 ಮಿ.ಮೀ. ಮುಂದೆ ಬರುತ್ತದೆ. ಅದು ಸಾಲದಿದ್ದರೆ ಬಾಲದ ತೂಕ ಇಳಿಸಿ. ಅದೂ ಸಾಲದಿದ್ದರೆ ಮಾತ್ರ ಮೂಗಿಗೆ ಸೀಸ. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ಪಟ್ಟಿ ಸಿಗುತ್ತದೆ, ಕರಾವಳಿಯವರಿಗೆ ಗಾಳದ ಸೀಸದ ಗುಂಡು ಸಿಗುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಅವನ ವಿಮಾನಕ್ಕೆ ಬಿಗಿಯಾಗಿ ಕೂತ ಅಂಟನ್ನು ಕೆರೆಯಲು ಹೋದರೆ ಫೋಮೇ ಕಿತ್ತು ಬರುತ್ತಿತ್ತು. ಬ್ಯಾಟರಿಯನ್ನು 5 ಸೆಂ.ಮೀ. ಮುಂದೆ ತಂದು, ಮೋಟಾರ್ ಹಿಂದಿನ ಪ್ಲೈವುಡ್‌ಗೆ 30 ಗ್ರಾಂ ಸೀಸ ಅಂಟಿಸಿದೆವು. ಬೆಂಕಿಕಡ್ಡಿಯಿಂದ ಬೆಂಕಿಕಡ್ಡಿಗೆ ಮಟ್ಟವಾಗಿ ನಿಂತಿತು. ಬ್ಯಾಟರಿಯ ಹಿಂದಿನ ಅಂಚು ಎಲ್ಲಿ ಬಂತೋ ಅಲ್ಲಿ ಬಾಡಿಯ ಒಳಗೆ ಪೆನ್ಸಿಲ್ ಗೆರೆ ಎಳೆದ. ವೆಲ್ಕ್ರೋ ಒಂದನ್ನೇ ನಂಬಬೇಡಿ, ಮೇಲೊಂದು ಪಟ್ಟಿ ಬಿಗಿಯಿರಿ. ಏರುವಾಗ ಬ್ಯಾಟರಿ ಹಿಂದೆ ಜಾರಿದರೆ ನೆಲದ ಮೇಲೆ ಮಾಡಿದ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಥ್ರಾಟಲ್ ಇಳಿಸಿದರೆ ಕಲ್ಲಿನ ಹಾಗೆ ಮೂಗು ಬೀಳುತ್ತದೆ

ಮಟ್ಟವಾಗಿ ಹಾರಲು ಎಲಿವೇಟರ್ ಯಾವಾಗಲೂ ಮೇಲಕ್ಕೆ ಟ್ರಿಮ್ ಆಗಿರಬೇಕಾಗುತ್ತದೆ. ಇಳಿಸುವಾಗ ಕಡ್ಡಿ ಪೂರ್ತಿ ಎಳೆದರೂ ಮೂಗು ಏಳುವುದಿಲ್ಲ, ಮುಂದಿನ ಚಕ್ರ ಮೊದಲು ಬಡಿಯುತ್ತದೆ. ಇದು ಮೂಗು ಭಾರ. ಇದರಿಂದ ವಿಮಾನ ಕೈತಪ್ಪುವುದು ಕಮ್ಮಿ, ಹಾಗಾಗಿ ಗಾಬರಿ ಬೇಡ. ಬ್ಯಾಟರಿಯನ್ನು ಅರ್ಧ ಅರ್ಧ ಸೆಂಟಿಮೀಟರ್ ಹಿಂದಕ್ಕೆ ತನ್ನಿ, ಪ್ರತಿ ಸಲ ಹಾರಿಸಿ ನೋಡಿ.

ಕೈ ಕುದುರಿದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಚೆನ್ನಾಗಿ ಎತ್ತರಕ್ಕೆ ಹೋಗಿ, ಥ್ರಾಟಲ್ ಇಳಿಸಿ, ಓರೆಯಾಗಿ ಇಳಿಮುಖ ಮಾಡಿ ಎಲಿವೇಟರ್ ಕಡ್ಡಿ ಬಿಡಿ. ತಾನಾಗಿ ರಭಸದಿಂದ ಮೂಗೆತ್ತಿದರೆ ಮೂಗು ಭಾರ. ಮೆಲ್ಲಗೆ ಎತ್ತಿದರೆ ಸರಿ. ಇನ್ನೂ ಕೆಳಗೆ ಮುಳುಗುತ್ತಾ ಹೋದರೆ ಬಾಲ ಭಾರ, ಕೂಡಲೇ ಇಳಿಸಿ. ಹೊಸಬರು ಇದನ್ನು ಒಬ್ಬರೇ ಮಾಡಬೇಡಿ.

ಕಡ್ಡಿ ಬಿಟ್ಟರೆ ಯಾವಾಗಲೂ ಒಂದೇ ಕಡೆ ಬಾಗುತ್ತದೆ

ಮೊದಲು ಐಲರಾನ್‌ಗಳನ್ನು, ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಬಾಗುವ ಪಟ್ಟಿಗಳನ್ನು, ಹಿಂದಿನಿಂದ ನೋಡಿ. ಟ್ರಿಮ್ ಸೊನ್ನೆಯಲ್ಲಿದ್ದಾಗ ಎರಡೂ ರೆಕ್ಕೆಯ ಹಿಂದಿನ ಅಂಚಿಗೆ ಸಮವಾಗಿವೆಯಾ? ಇಲ್ಲದಿದ್ದರೆ ಪುಶ್‌ರಾಡ್, ಅಂದರೆ ಸರ್ವೋದಿಂದ ಪಟ್ಟಿಗೆ ಹೋಗುವ ಸರಳು, ಅದರ ಉದ್ದ ಸರಿಮಾಡಿ. ಅಷ್ಟರಲ್ಲೇ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಆಮೇಲೆ ಎಡಬಲದ ತೂಕ. ಒಬ್ಬರು ಪ್ರೊಪೆಲ್ಲರ್ ಶಾಫ್ಟ್ ಹಿಡಿಯಿರಿ, ಇನ್ನೊಬ್ಬರು ಬಾಲದ ತುದಿಯ ಮಧ್ಯಕ್ಕೆ ಒಂದು ಬೆರಳು ಕೊಡಿ. ಎತ್ತಿ. ಮೂರು ಸಲ ಮಾಡಿ, ಮೂರೂ ಸಲ ಒಂದೇ ರೆಕ್ಕೆ ಬಿದ್ದರೆ ಅದು ಭಾರ. ಎದುರು ರೆಕ್ಕೆಯ ತುದಿಗೆ ಒಂದು ರೂಪಾಯಿ ನಾಣ್ಯ ಟೇಪಿನಲ್ಲಿ ಅಂಟಿಸಿ ನೋಡಿ. ಹೊಸ ನಾಣ್ಯ ಮೂರು ಗ್ರಾಂ ಆಸುಪಾಸು ತೂಗುತ್ತದೆ, ರೆಕ್ಕೆಯ ತುದಿಯಲ್ಲಿ ಅಷ್ಟು ಸಾಕಾಗುವುದೇ ಹೆಚ್ಚು.

ತೂಕ ಸಮ ಇದ್ದೂ ಬಾಗುತ್ತಿದ್ದರೆ ರೆಕ್ಕೆ ತಿರುಚಿಕೊಂಡಿರಬಹುದು. ವಿಮಾನವನ್ನು ಮೇಜಿನ ಮೇಲಿಟ್ಟು ಬಾಲದ ಹಿಂದೆ ಎರಡು ಮೀಟರ್ ದೂರ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ. ಎಡರೆಕ್ಕೆಯ ಅಡಿಭಾಗ ಎಷ್ಟು ಕಾಣುತ್ತದೋ ಬಲರೆಕ್ಕೆಯದೂ ಅಷ್ಟೇ ಕಾಣಬೇಕು. ಒಂದರ ಹಿಂದಿನ ಅಂಚು ತುದಿಯಲ್ಲಿ ಕೆಳಗೆ ಜೋತಿದ್ದರೆ ಆ ರೆಕ್ಕೆ ಜಾಸ್ತಿ ಎತ್ತುತ್ತದೆ, ವಿಮಾನ ಎದುರು ಕಡೆಗೆ ಬಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನಲ್ಲಿ ರೆಕ್ಕೆ ಇಟ್ಟು ಬಂದರೆ ಹೀಗಾಗುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ. ಫೋಮ್ ಆದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಬೇಕಾದ ಕಡೆಗೆ ಚೂರು ಹೆಚ್ಚೇ ತಿರುಚಿ, ತಣ್ಣಗಾಗುವ ತನಕ ಹಿಡಿದುಕೊಳ್ಳಿ. ಬಾಲ್ಸಾದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಹೀಗೇ ತಿರುಚಿ ಹಿಡಿದು ಇಸ್ತ್ರಿ ಮಾಡಬೇಕು. ಅದಕ್ಕೆ ಅನುಭವ ಇದ್ದವರ ಕೈ ಬೇಕು.

ಕೊನೆಯದು ರೆಕ್ಕೆ ಸೊಟ್ಟ ಕೂತಿರುವುದು. ಬಡಗಿಗಳು ಬಾಗಿಲ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆಯುವ ಹಾಗೆ, ಬಾಲದ ಮಧ್ಯಕ್ಕೆ ಗುಂಡುಪಿನ್ ಚುಚ್ಚಿ ದಾರ ಕಟ್ಟಿ, ಎರಡೂ ರೆಕ್ಕೆತುದಿಗೆ ಹಿಡಿದು ನೋಡಿ. ಎರಡೂ ಕಡೆ ದಾರ ಒಂದೇ ಉದ್ದ ಬರಬೇಕು.

ಬಲಕ್ಕೆ ಅಂದರೆ ಎಡಕ್ಕೆ ಹೋಗುತ್ತದೆ

ಗಾಳಿಯಲ್ಲಿ ಇದು ಗೊತ್ತಾಗುವಷ್ಟರಲ್ಲಿ ವಿಮಾನ ಇರುವುದಿಲ್ಲ. ಆದ್ದರಿಂದ ಇದನ್ನು ನೆಲದ ಮೇಲೆಯೇ, ಪ್ರತಿ ಹಾರಾಟಕ್ಕೂ ಮುನ್ನ, ಬಾಯಿಬಿಟ್ಟು ಹೇಳಿಕೊಂಡು ನೋಡಬೇಕು. ಯಾವಾಗಲೂ ವಿಮಾನದ ಹಿಂದೆ ನಿಂತೇ ನೋಡಿ.

ಐಲರಾನ್ ಕಡ್ಡಿ ಬಲಕ್ಕೆ: ಬಲ ಐಲರಾನ್ ಮೇಲೆ, ಎಡದ್ದು ಕೆಳಗೆ.
ಎಲಿವೇಟರ್ ಕಡ್ಡಿ ನಿಮ್ಮ ಕಡೆಗೆ: ಎಲಿವೇಟರ್ ಮೇಲೆ.
ರಡ್ಡರ್ (ಬಾಲದಲ್ಲಿ ನೆಟ್ಟಗೆ ನಿಂತ ಪಟ್ಟಿ) ಕಡ್ಡಿ ಬಲಕ್ಕೆ: ರಡ್ಡರಿನ ಹಿಂದಿನ ಅಂಚು ಬಲಕ್ಕೆ.

ಹೆಚ್ಚಿನವರು ತಪ್ಪುವುದು ಐಲರಾನ್‌ನಲ್ಲಿ. ಬಲಕ್ಕೆ ತಿರುಗಲು ಬಲ ರೆಕ್ಕೆ ಕೆಳಗಿಳಿಯಬೇಕು, ಹಾಗಾಗಿ ಬಲ ಐಲರಾನ್ ಕೆಳಗೆ ಹೋಗಬೇಕು ಅಂತ ಮನಸ್ಸು ಹೇಳುತ್ತದೆ. ಹಾಗಲ್ಲ. ಐಲರಾನ್ ಮೇಲೆದ್ದ ರೆಕ್ಕೆಗೆ ಎತ್ತುವ ಶಕ್ತಿ ಕಮ್ಮಿಯಾಗುತ್ತದೆ, ಅದಕ್ಕೇ ಆ ರೆಕ್ಕೆ ಇಳಿಯುತ್ತದೆ.

ತಿರುವುಮುರುವು ಇದ್ದರೆ ಟ್ರಾನ್ಸ್‌ಮಿಟರ್‌ನ ರಿವರ್ಸ್ ಮೆನುವಿನಲ್ಲಿ ಆ ಚಾನೆಲ್ ಒಂದನ್ನು ಬದಲಿಸಿ. ಆಮೇಲೆ ಮೂರನ್ನೂ ಮತ್ತೆ ನೋಡಿ. ನಿನ್ನೆ ಸರಿಯಿದ್ದದ್ದು ಇವತ್ತು ತಿರುಗಾಮುರುಗಾ ಆಗಿದ್ದರೆ ಟ್ರಾನ್ಸ್‌ಮಿಟರ್‌ನಲ್ಲಿ ಬೇರೆ ವಿಮಾನದ ಮೆಮೊರಿ ಆಯ್ಕೆಯಾಗಿದೆಯಾ ನೋಡಿ. ಸರ್ವೋ ಬದಲಿಸಿದ ದಿನ ಈ ಪರೀಕ್ಷೆ ಎರಡು ಸಲ ಮಾಡಿ. ಒಂದೇ ಚಾನೆಲ್‌ನಿಂದ ಕವಲೊಡೆಯುವ ವೈ ಕೇಬಲ್‌ನಲ್ಲಿ ಎರಡು ಐಲರಾನ್ ಸರ್ವೋ ಇದ್ದು ಎರಡೂ ಒಂದೇ ದಿಕ್ಕಿಗೆ ಏಳುತ್ತಿದ್ದರೆ ಮೆನುವಿನಿಂದ ಸರಿಯಾಗದು. ಒಂದು ಸರ್ವೋದ ಹಾರ್ನನ್ನು, ಅಂದರೆ ಪುಶ್‌ರಾಡ್ ಸಿಕ್ಕಿಸುವ ಪುಟ್ಟ ತೋಳನ್ನು, ಎದುರು ಪಕ್ಕಕ್ಕೆ ಹಾಕಬೇಕು.

ಟ್ರಾನ್ಸ್‌ಮಿಟರ್ ಕೊಳ್ಳುವಾಗ ಮೋಡ್ ಕೇಳಿ. ಮೋಡ್ 2ರಲ್ಲಿ ಥ್ರಾಟಲ್ ಎಡಗೈಯಲ್ಲಿ, ಮೋಡ್ 1ರಲ್ಲಿ ಬಲಗೈಯಲ್ಲಿ. ನಿಮಗೆ ಕಲಿಸುವವರದ್ದು ಯಾವುದೋ ನಿಮ್ಮದೂ ಅದೇ ಇರಲಿ. ಅವಸರದಲ್ಲಿ ಟ್ರಾನ್ಸ್‌ಮಿಟರ್ ಅವರ ಕೈಗೆ ಕೊಡುವ ಹೊತ್ತು ಬಂದೇ ಬರುತ್ತದೆ.

ಸರ್ವೋ ಗುಂಯ್ ಅನ್ನುತ್ತದೆ, ನಡುಗುತ್ತದೆ, ಮಧ್ಯಕ್ಕೆ ವಾಪಸ್ ಬರುವುದಿಲ್ಲ

ಕಡ್ಡಿ ಬಿಟ್ಟಿದ್ದರೂ ಗುಂಯ್‌ಗುಡುತ್ತಿದ್ದರೆ ಪುಶ್‌ರಾಡ್ ಕಳಚಿ ನೋಡಿ. ಸದ್ದು ನಿಂತರೆ ಸರ್ವೋ ಚೆನ್ನಾಗಿದೆ, ತೊಂದರೆ ಪುಶ್‌ರಾಡಿನಲ್ಲಿ ಅಥವಾ ಹಿಂಜ್‌ನಲ್ಲಿ. ಎಲ್ಲೋ ತಿಕ್ಕುತ್ತಿದೆ, ಇಲ್ಲವೇ ಎಲಿವೇಟರ್ ಪೂರ್ತಿ ಬಾಗಿದ ಮೇಲೂ ಸರ್ವೋ ತಳ್ಳುತ್ತಿದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಸುಮ್ನೆ ಹೊಸ ಸರ್ವೋ ತರುವುದು ತಪ್ಪುತ್ತದೆ. ಕಳಚಿದ ಮೇಲೂ ನಡುಗುತ್ತಿದ್ದರೆ ಕನೆಕ್ಟರ್ ಒತ್ತಿ ನೋಡಿ, ಇನ್ನೊಂದು ಚಾನೆಲ್‌ಗೆ ಹಾಕಿ ನೋಡಿ. ಅಲ್ಲೂ ಹಾಗೇ ಇದ್ದರೆ ಸರ್ವೋ ಒಳಗೇ ಸವೆದಿದೆ, ಬದಲಿಸಿ. ಕೈಯಿಂದ ಹಾರ್ನ್ ತಿರುಗಿಸಿ ಪರೀಕ್ಷಿಸಬೇಡಿ, ಸಣ್ಣ ಸರ್ವೋಗಳ ಪ್ಲಾಸ್ಟಿಕ್ ಹಲ್ಲು ಹಾಗೆಯೇ ಮುರಿಯುವುದು.

ಮಧ್ಯಕ್ಕೆ ಬರದಿದ್ದರೆ ಟ್ರಿಮ್ಮಿನಲ್ಲಿ ಸರಿಮಾಡಲು ಹೋಗಬೇಡಿ. ಟ್ರಿಮ್, ಮೆನುವಿನೊಳಗಿನ ಸಬ್‌ಟ್ರಿಮ್ ಎರಡನ್ನೂ ಸೊನ್ನೆಗೆ ತನ್ನಿ. ಆನ್ ಮಾಡಿ ಹಾರ್ನ್ ಬಿಚ್ಚಿ, ಪುಶ್‌ರಾಡಿಗೆ ಲಂಬಕೋನದಲ್ಲಿ, ಅಂದರೆ 90 ಡಿಗ್ರಿಗೆ ಕೂರಿಸಿ. ಆಮೇಲೆ ಪುಶ್‌ರಾಡ್ ಉದ್ದ ಬದಲಿಸಿ ಎಲಿವೇಟರನ್ನು ಮಟ್ಟಕ್ಕೆ ತನ್ನಿ. ಟ್ರಿಮ್ ಪೂರ್ತಿ ಗಾಳಿಯಲ್ಲಿ ಬಳಸಲು ಉಳಿದಿರಬೇಕು. ಕೊನೆಗೆ ಹಾರ್ನಿನ ಮಧ್ಯದ ಪುಟ್ಟ ಸ್ಕ್ರೂ ಹಾಕಿದ್ದೀರಾ? ಆ ಸ್ಕ್ರೂ ಮೇಜಿನ ಮೇಲೆ ಉಳಿದುಹೋಗಿ, ಗಾಳಿಯಲ್ಲಿ ಹಾರ್ನ್ ಕಳಚಿಕೊಂಡು ಬಿದ್ದ ವಿಮಾನ ನಾನೇ ಎತ್ತಿಕೊಂಡು ಬಂದಿದ್ದೇನೆ.

ಎಲ್ಲ ಸರ್ವೋಗಳೂ ಒಟ್ಟಿಗೆ ನಡುಗಿ, ವಿಮಾನದೊಳಗಿನ ರಿಸೀವರ್ ದೀಪ ಮಿಣುಕಿದರೆ ಅದು ಬೇರೆ ಕಥೆ, ಹೆಚ್ಚು ಅಪಾಯದ್ದು. ಇಎಸ್‌ಸಿ ಒಳಗಿನ 5 ವೋಲ್ಟ್ ಸಪ್ಲೈಗೆ ಭಾರ ತಡೆಯಲಾಗುತ್ತಿಲ್ಲ. ಯಾವುದಾದರೂ ಸರ್ವೋ ಸಿಕ್ಕಿಕೊಂಡು ಕರೆಂಟ್ ಎಳೆಯುತ್ತಿದೆಯಾ ನೋಡಿ. ಇಲ್ಲ ಅಂದರೆ ಬೇರೆಯೇ ಒಂದು ಯುಬೆಕ್ (ರಿಸೀವರ್, ಸರ್ವೋಗಳಿಗೆ ಕರೆಂಟ್ ಕೊಡುವ ಪ್ರತ್ಯೇಕ ಸಪ್ಲೈ) ಹಾಕಿ, ಇಎಸ್‌ಸಿಯ ಕೆಂಪು ತಂತಿಯನ್ನು ರಿಸೀವರ್ ಪ್ಲಗ್ಗಿನಿಂದ ಬಿಡಿಸಿ. ಅಲ್ಲಿಯ ತನಕ ಹಾರಾಟ ಬೇಡ.

ಥ್ರಾಟಲ್ ಕೊಟ್ಟಾಗ ಮಾತ್ರ ಮೂಗು ಏರುತ್ತದೆ ಅಥವಾ ಎಡಕ್ಕೆ ಎಳೆಯುತ್ತದೆ

ಇಲ್ಲಿ "ಮಾತ್ರ" ಅನ್ನುವುದೇ ಸುಳಿವು. ಥ್ರಾಟಲ್ ಇಳಿಸಿದಾಗ ನೇರ ತೇಲುತ್ತದೆ, ಏರಿಸಿದಾಗ ತಪ್ಪುತ್ತದೆ ಅಂದರೆ ಸಿಜಿ, ಟ್ರಿಮ್ ಸರಿ ಇವೆ, ಮೋಟಾರಿನ ಕೋನ ತಪ್ಪಿದೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ವಿಮಾನವನ್ನು ಅದರ ತಿರುಗುಬಲ, ಬಾಲಕ್ಕೆ ಬಡಿಯುವ ಸುರುಳಿ ಗಾಳಿ ಎರಡೂ ಸೇರಿ ಎಡಕ್ಕೆ ಎಳೆಯುತ್ತವೆ. ಅದಕ್ಕೇ ಟ್ರೈನರ್‌ಗಳಲ್ಲಿ ಮೋಟಾರನ್ನು ಎರಡು ಮೂರು ಡಿಗ್ರಿ ಬಲಕ್ಕೂ ಕೆಳಕ್ಕೂ ಓರೆ ಕೂರಿಸುತ್ತಾರೆ. ಸೊಟ್ಟ ಕೂತಿದೆ ಅಂತ ನೇರ ಮಾಡಿಬಿಡಬೇಡಿ.

ಕೋನ ಬದಲಿಸಲು ಮೋಟಾರಿಗೂ ಅದರ ಹಿಂದಿನ ಪ್ಲೈವುಡ್‌ಗೂ ನಡುವೆ, ಸ್ಕ್ರೂಗೆ ವಾಷರ್ ಸೇರಿಸಿ. ಮೂಗು ಏರುತ್ತಿದ್ದರೆ ಮೇಲಿನ ಎರಡು ಸ್ಕ್ರೂಗೆ, ಎಡಕ್ಕೆ ಎಳೆಯುತ್ತಿದ್ದರೆ ಹಿಂದಿನಿಂದ ನೋಡುವಾಗ ಎಡಗಡೆಯ ಎರಡಕ್ಕೆ. ಒಂದು ಸಲಕ್ಕೆ ಒಂದೇ ವಾಷರ್.

ಮೋಟಾರ್ ತಿರುಗುತ್ತದೆ, ಎಳೆತ ಸಾಲದು

ಪ್ರೊಪೆಲ್ಲರ್ ಮೇಲೆ ಅಳತೆ ಅಚ್ಚಾಗಿರುವ ಮುಖ ಮುಂದಕ್ಕೆ ಇರಬೇಕು. ತಿರುಗಿಸಿ ಹಾಕಿದರೂ ವಿಮಾನ ಮುಂದೆ ಎಳೆಯುತ್ತದೆ, ಆದರೆ ಸೊರಗಿದ ಹಾಗೆ. ಹಾಗಾಗಿ ಇದು ಬೇಗ ಹೊಳೆಯುವುದಿಲ್ಲ. ಗಾಳಿ ಹಿಂದಕ್ಕೆ ಬರುವ ಬದಲು ಮುಂದಕ್ಕೇ ಹೋಗುತ್ತಿದ್ದರೆ ಮೋಟಾರ್ ಉಲ್ಟಾ ತಿರುಗುತ್ತಿದೆ. ಮೂರು ತಂತಿಯಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.

ಮೋಟಾರ್ ತಿರುಗದೆ ಬರೀ ಅದುರಿದರೆ ಆ ಮೂರರಲ್ಲಿ ಒಂದು ಸಡಿಲವಾಗಿದೆ ಅಥವಾ ಬೆಸುಗೆ ಬಿಟ್ಟಿದೆ. ಥ್ರಾಟಲ್ ಕೊಡುತ್ತಾ ಹೋಗಬೇಡಿ, ಇಎಸ್‌ಸಿ ಸುಡುತ್ತದೆ. ತಿರುಗದೆ ಬೀಪ್ ಬೀಪ್ ಅನ್ನುತ್ತಲೇ ಇದ್ದರೆ ಥ್ರಾಟಲ್ ಕಡ್ಡಿ, ಅದರ ಟ್ರಿಮ್ ಪೂರ್ತಿ ಕೆಳಗಿವೆಯಾ, ಚಾನೆಲ್ ಉಲ್ಟಾ ಆಗಿದೆಯಾ ನೋಡಿ. ಆಮೇಲೆ ಇಎಸ್‌ಸಿ ಕ್ಯಾಲಿಬ್ರೇಶನ್ ಮಾಡಿ: ಥ್ರಾಟಲ್ ಮೇಲಿಟ್ಟು ಬ್ಯಾಟರಿ ಚುಚ್ಚಿ, ಬೀಪ್ ಬಂದ ಕೂಡಲೇ ಕೆಳಗಿಳಿಸುವುದು. ಪ್ರೊಪೆಲ್ಲರ್ ಇದ್ದರೆ ಇದನ್ನು ಮಾಡಲೇಬಾರದು.

ವಿಮಾನವೆಲ್ಲ ಗಡಗಡ ನಡುಗಿದರೆ ಪ್ರೊಪೆಲ್ಲರ್ ಸಮತೂಕ ಇಲ್ಲ. ನಯವಾದ ಕಡ್ಡಿಗೆ ಪೋಣಿಸಿ ಅಡ್ಡ ಹಿಡಿಯಿರಿ. ಕೆಳಗೆ ಬೀಳುವ ಎಲೆಯ ಹಿಂಬದಿಯನ್ನು ಉಪ್ಪುಕಾಗದದಿಂದ ಉಜ್ಜಿ. ಬಿರುಕು ಕಂಡರೆ ಅಂಟು ಹಾಕಬೇಡಿ, ಮುರಿದು ಬಿಸಾಡಿ.

ಎಲ್ಲ ಸರಿಯಿದ್ದೂ ಮಂಗಳೂರಿನಲ್ಲಿ ಆರಾಮಾಗಿ ಏರುತ್ತಿದ್ದ ವಿಮಾನ ಬೆಂಗಳೂರಿನಲ್ಲಿ ಭಾರ ಅನ್ನಿಸಿದರೆ ಅದು ಭ್ರಮೆಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ನೂರಕ್ಕೆ ಎಂಟರಷ್ಟು ತೆಳು. ಎಸೆಯುವಾಗಲೂ ಇಳಿಸುವಾಗಲೂ ಚೂರು ಹೆಚ್ಚು ವೇಗ ಇಟ್ಟುಕೊಳ್ಳಿ.

ದೂರ ಹೋದಾಗ ಮಾತು ಕೇಳುವುದಿಲ್ಲ

ರಿಸೀವರ್ ಆಂಟೆನಾ ತುದಿಯ 31 ಮಿ.ಮೀ. ಬರಿ ತಂತಿಯೇ ಸಿಗ್ನಲ್ ಹಿಡಿಯುವುದು. ಅದು ಬಾಗದೆ, ಬ್ಯಾಟರಿಗೂ ಕಾರ್ಬನ್ ಕಡ್ಡಿಗೂ ತಾಗದೆ ಇರಬೇಕು. ಎರಡು ಆಂಟೆನಾ ಇದ್ದರೆ ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಟ್ರಾನ್ಸ್‌ಮಿಟರ್‌ನಲ್ಲಿ ರೇಂಜ್ ಟೆಸ್ಟ್ ಇದ್ದರೆ ಅದನ್ನು ಹಾಕಿ ಮೂವತ್ತು ಹೆಜ್ಜೆ ನಡೆದು ಹೋಗಿ. ಅಲ್ಲಿಂದಲೂ ಸರ್ವೋಗಳು ತಡವರಿಸದೆ ಕೇಳಬೇಕು.

ಆಮೇಲೆ ಫೇಲ್‌ಸೇಫ್, ಅಂದರೆ ಸಿಗ್ನಲ್ ಕಳೆದರೆ ಮೋಟಾರ್ ತಾನಾಗಿ ನಿಲ್ಲುವ ಏರ್ಪಾಡು. ಮೊದಲು ಹೇಳಿದ ಆನ್-ಆಫ್ ಕ್ರಮವನ್ನು ಈ ಪರೀಕ್ಷೆಗೆ ಮಾತ್ರ ಬಿಟ್ಟು, ಪ್ರೊಪೆಲ್ಲರ್ ಬಿಚ್ಚಿ, ಮೋಟಾರ್ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ಸಿಗ್ನಲ್ ಕಳೆದುಕೊಂಡ ವಿಮಾನ ಪೂರ್ತಿ ವೇಗದಲ್ಲಿ ಯಾರ ಮೇಲೆ ಬೀಳುತ್ತದೋ ಹೇಳಲಾಗದು. ಇದನ್ನು ಸರಿಮಾಡದೆ ಮನೆ ಬಿಡಬೇಡಿ.

ಮೈದಾನದಲ್ಲಿ

ಹಾರಿಸುವ ಜಾಗವನ್ನು ಡಿಜಿಟಲ್ ಸ್ಕೈ ಅನ್ನುವ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ನೋಡಿಕೊಳ್ಳಿ. ಅದರ ಹಸಿರು ವಲಯದಲ್ಲಿ ಎತ್ತರದ ಮಿತಿ ಹೆಚ್ಚೆಂದರೆ 400 ಅಡಿ. ಬೆಂಗಳೂರಿನವರಿಗೆ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿಯ ವಿಮಾನ ನಿಲ್ದಾಣಗಳೆಲ್ಲ ಸುತ್ತುವರಿದಿರುವುದರಿಂದ ಊರಾಚೆ ಹೋಗದೆ ಗತಿಯಿಲ್ಲ. ಆಷಾಢದ ಗಾಳಿಯಲ್ಲಿ ಮೊದಲ ಹಾರಾಟ ಬೇಡ. ಬೆಳಿಗ್ಗೆ ಆರೂವರೆ ಏಳರ ಹೊತ್ತು ಒಳ್ಳೆಯದು. ಸೆಲ್‌ಗೆ 4.2 ವೋಲ್ಟ್, ಮೂರಕ್ಕೆ 12.6, ಪೂರ್ತಿ ತುಂಬಿದೆಯಾ ನೋಡಿ. ಸೆಲ್ 3.5ಕ್ಕೆ ಬರುವ ಮುನ್ನ ಇಳಿಸಬೇಕು.

ಮೋಟಾರ್ ಇಲ್ಲದೆ ಮೊದಲು ತೇಲಿಸಿ. ಉದ್ದ ಹುಲ್ಲಿನ ಮೇಲೆ, ಗಾಳಿಗೆ ಎದುರು ಮುಖ ಮಾಡಿ, ಎದೆಮಟ್ಟದಿಂದ, ಮೇಲಕ್ಕಲ್ಲ, ನೇರಕ್ಕೆ. ನೇರ ಹೋಗಿ ಮೆಲ್ಲಗೆ ಕೂತರೆ ಹಾರಾಟಕ್ಕೆ ಸಿದ್ಧ. ಮೂಗೆತ್ತಿ ನಿಂತರೆ ಮನೆಗೆ, ಬೆಂಕಿಕಡ್ಡಿಗೆ ವಾಪಸ್.

ಕೆಲವು ಕಡೆ ನಿಮ್ಮ ಪ್ರಯತ್ನ ನಿಲ್ಲಿಸಿ. ಬಿದ್ದ ವಿಮಾನದ ಬ್ಯಾಟರಿ ಮೂಲೆ ಜಜ್ಜಿದ್ದರೆ ಅರ್ಧ ಗಂಟೆಯಾದರೂ ಬಯಲಲ್ಲಿ ಇಟ್ಟು ದೂರದಿಂದ ನೋಡುತ್ತಿರಿ, ಕಾರಿನಲ್ಲಿ ಹಾಕಿಕೊಳ್ಳಬೇಡಿ. ಕರೆಂಟ್ ತಂತಿಗೆ ಸಿಕ್ಕಿಕೊಂಡರೆ ಬಿದಿರು ಹುಡುಕಬೇಡಿ, ಲೈನ್‌ಮ್ಯಾನ್‌ಗೆ ಹೇಳಿ. ಸಿಜಿ ಸರಿಯಿದ್ದೂ ಎರಡು ಸಲ ಒಂದೇ ತರ ಬಿದ್ದರೆ ಮೂರನೇ ಸಲ ಎಸೆಯುವ ಮುನ್ನ ಹಾರಿಸಿ ಪಳಗಿದವರ ಕೈಗೆ ಕೊಡಿ. ನಾಲ್ಕು ಊರು ಸುತ್ತಬೇಕಾದರೂ ಹುಡುಕಿ.

ಹುಡುಗನ ವಿಮಾನ ಮುಂದಿನ ಭಾನುವಾರ ಅದೇ ಕೆರೆ ಅಂಗಳಕ್ಕೆ ಹೋಯಿತು. ತೇಲಿಸಿದಾಗ ಹದಿನೈದು ಹೆಜ್ಜೆ ದೂರ ನೇರ ಹೋಗಿ ಹುಲ್ಲಿನ ಮೇಲೆ ಕೂತಿತು. ಆಮೇಲೆ ಮೋಟಾರ್ ಹಾಕಿ ಎಸೆದ. ಎರಡು ಕ್ಲಿಕ್ ಬಲ ಟ್ರಿಮ್ ಕೊಟ್ಟ, ಅಷ್ಟೇ. ಆರು ನಿಮಿಷ ಕೆರೆ ಸುತ್ತಿತು. ಇಳಿದ ಮೇಲೆ ಮುಚ್ಚಳ ತೆಗೆದು, ಬ್ಯಾಟರಿ ಕಳಚಿ, ಪೆನ್ಸಿಲ್ ಗೆರೆಯ ಮೇಲೆ ಮಾರ್ಕರಿನಲ್ಲಿ ಇನ್ನೊಂದು ಗೆರೆ ಎಳೆದ.